ಹೆಪ್ಪಿಗೆ ಬಿದ್ದ ಉಪ್ಪು

ಗುರುಶಾಂತವ್ವನ ಮನೆಯ ಮೊಸರಿನ ಗಡಿಗೆಯನ್ನು ಬೋರಲು ಹಾಕಿದರೂ ಮೊಸರು ಕೆಳಗೆ ಬೀಳುವುದಿಲ್ಲ ಎಂದು ಓಣಿಯ ತುಂಬ ಹೆಸರಿತ್ತು. ಬೋರಲು ಹಾಕಿ ನೋಡಿದವರು ಯಾರೂ ಇರಲಿಲ್ಲ. ಆದರೂ ಎಲ್ಲರೂ ನಂಬಿದ್ದರು. ಮೊಸರು ಅಷ್ಟು ಚೆನ್ನಾಗಿತ್ತು.

ಅವಳು ಜಿಪುಣಿಯೂ ಅಲ್ಲ. ಜ್ವರ ಬಿಟ್ಟವರಿಗೆ ಬಾಯಿರುಚಿ ಇಲ್ಲವೆಂದರೆ ಅವಳ ಮನೆಯಿಂದ ಮೊಸರನ್ನ ಹೋಗುತ್ತಿತ್ತು. ಯಾರ ಮನೆಗೆ ಹೇಳದೆ ಕೇಳದೆ ಬೀಗರು ಬಂದರೂ ಒಂದು ತಂಬಿಗೆ ಮಜ್ಜಿಗೆ ಗೋಡೆ ದಾಟುತ್ತಿತ್ತು. ಕೇಳಿದವರಿಗೆ ಅವಳು ಇಲ್ಲ ಎಂದದ್ದೇ ಇಲ್ಲ. ಹೆಪ್ಪು ಕೇಳಿದರೆ ಮಾತ್ರ ಅವಳ ಕೈ ಒಂದು ಕಳ್ಳ ಕೆಲಸ ಮಾಡುತ್ತಿತ್ತು.

ಹೆಪ್ಪು ಗೊತ್ತಲ್ಲ ಮಕ್ಕಳೇ? ಕಾಯಿಸಿ ಆರಿಸಿದ ಹಾಲಿಗೆ ಬೆರೆಸುವ ಒಂದು ಚಮಚ ಮೊಸರು. ಇವತ್ತಿನ ಮೊಸರಿನಲ್ಲಿ ಸ್ವಲ್ಪ ಎತ್ತಿಟ್ಟರೆ ಅದೇ ನಾಳಿನ ಮೊಸರಿಗೆ ಹೆಪ್ಪು. ಗುರುಶಾಂತವ್ವ ಮದುವೆಯಾಗಿ ಗಂಡನ ಮನೆಗೆ ಹೊರಟಾಗ ಅವಳ ತಾಯಿ ಒಂದು ಕಂಚಿನ ಬಟ್ಟಲಲ್ಲಿ ಹೆಪ್ಪು ಹಾಕಿ ಮಗಳ ಕೈಗೆ ಕೊಟ್ಟಿದ್ದಳು. ಅಂದಿನಿಂದ ಆ ಹೆಪ್ಪು ಒಂದು ದಿನವೂ ಕಡಿದಿರಲಿಲ್ಲ. ತಾಯಿ ತೀರಿಕೊಂಡಳು. ತವರಿನಲ್ಲಿ ಈಗ ಪಾಕೀಟಿನ ಮೊಸರು. ತಾಯಿಯ ಹೆಪ್ಪು ಉಳಿದಿರುವುದು ತನ್ನ ಗಡಿಗೆಯಲ್ಲಿ ಮಾತ್ರ ಎಂದು ಗುರುಶಾಂತವ್ವನಿಗೆ ಗೊತ್ತಿತ್ತು. ಗಡಿಗೆಯ ಮುಚ್ಚಳ ತೆಗೆದಾಗೆಲ್ಲ ಅವಳಿಗೆ ತಾಯಿಯ ಮುಖ ಕಂಡಂತಾಗುತ್ತಿತ್ತು.

ಅಂಥದನ್ನು ಊರಿಗೆಲ್ಲ ಹಂಚಿದರೆ ತನಗೇನು ಉಳಿಯಿತು? ಮನೆಮನೆಯಲ್ಲೂ ಅದೇ ಮೊಸರಾದರೆ ಗುರುಶಾಂತವ್ವನ ಮೊಸರು ಎಂದು ಯಾರು ಅಂದಾರು? ಹಾಗೆಂದು ಇಲ್ಲ ಎನ್ನಲು ನಾಲಿಗೆ ಬಾರದು. ಅದಕ್ಕೆ ಅವಳೊಂದು ಉಪಾಯ ಹುಡುಕಿದ್ದಳು. ಹೆಪ್ಪು ಕೇಳಿದವರಿಗೆ ನಗುನಗುತ್ತಲೇ ಕೊಡುತ್ತಿದ್ದಳು. ಕೊಡುವ ಮುಂಚೆ ಯಾರೂ ಕಾಣದಂತೆ ಅದಕ್ಕೆ ಒಂದು ದೊಡ್ಡ ಚಮಚ ಹರಳುಪ್ಪು ಪುಡಿ ಮಾಡಿ ಬೆರೆಸುತ್ತಿದ್ದಳು. ಅಷ್ಟು ಉಪ್ಪು ಬಿದ್ದ ಹೆಪ್ಪಿನಿಂದ ಹಾಲು ಗಟ್ಟಿಯಾಗಿ ಹೆಪ್ಪುಗಟ್ಟುವುದಿಲ್ಲ. ಬೆಳಿಗ್ಗೆ ನೋಡಿದರೆ ನೀರು ಬೇರೆ, ಗಸಿ ಬೇರೆ. ತೆಗೆದುಕೊಂಡು ಹೋದವರು ಒಂದೆರಡು ಸಲ ನೋಡಿ, ಬಾಯಿಗೂ ಇಡದೆ ಚೆಲ್ಲಿ, ‘ಆಕೀ ಕೈಗುಣ ನಮಗೆಲ್ಲಿಂದ ಬರಬೇಕು?’ ಎಂದು ಸುಮ್ಮನಾಗುತ್ತಿದ್ದರು. ಗುರುಶಾಂತವ್ವನಿಗೂ ಅದೇ ಬೇಕಿತ್ತು.

ಗೋಡೆಯಾಚೆಯ ಮನೆಯ ಕಸ್ತೂರೆವ್ವನಿಗೆ ಮಾತ್ರ ಅದು ಅಷ್ಟಕ್ಕೇ ಮುಗಿಯಲಿಲ್ಲ. ಅವಳು ಹೊಸದಾಗಿ ಸಂಸಾರ ಹೂಡಿದಾಗ ಮೊದಲ ಬಾರಿ ಹಾಕಿದ ಹೆಪ್ಪು ಇದೇ ಉಪ್ಪಿನ ಹೆಪ್ಪು. ಗಡಿಗೆ ತೆರೆದ ಅವಳ ಅತ್ತೆ ನಾಲ್ಕು ಮಂದಿಯ ಎದುರಿಗೇ, ‘ಈ ಸೊಸಿ ಕೈಯಾಗ ಗುಣಾನ ಇಲ್ಲ’ ಎಂದುಬಿಟ್ಟಿದ್ದಳು. ಆ ಮಾತು ಹುಡುಗಿಯ ಎದೆಯಲ್ಲಿ ಕೂತುಬಿಟ್ಟಿತು. ಉಪ್ಪಿನಕಾಯಿ ಹಾಕುವಾಗ ಅವಳು ದೂರ ನಿಲ್ಲುತ್ತಿದ್ದಳು. ಮನೆಯ ಹಾಲಿಗೆ ಹೆಪ್ಪು ಹಾಕುವುದನ್ನು ಗಂಡನಿಗೆ ಒಪ್ಪಿಸಿದ್ದಳು. ಹಿತ್ತಲಲ್ಲಿ ಒಂದು ಬೀಜ ಊರಬೇಕಾದರೂ ಬೇರೆಯವರನ್ನು ಕರೆಯುತ್ತಿದ್ದಳು. ಅತ್ತೆ ಹೋದಳು. ಅತ್ತೆಯ ಮಾತು ಮನೆಯಲ್ಲೇ ಉಳಿಯಿತು.

ಈಗ ಆ ದಿನದ ಕತೆಗೆ ಬರೋಣ. ಅದು ಏನೂ ವಿಶೇಷವಿಲ್ಲದ ದಿನ. ಹಬ್ಬವಿಲ್ಲ, ಸಂತೆಯಿಲ್ಲ, ಬರುವವರಿಲ್ಲ, ಹೋಗುವವರಿಲ್ಲ. ಗಂಡಸರು ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ಉಳಿದವರು ಗುರುಶಾಂತವ್ವ ಮತ್ತು ಅವಳ ಹೊಸ ಸೊಸೆ ಶಿವಲೀಲಾ. ಇಂಥ ದಿನವೆಂದರೆ ಗುರುಶಾಂತವ್ವನಿಗೆ ಬಲು ಇಷ್ಟ. ಸೆರಗು ಸಿಕ್ಕಿಸಿ ನಿಂತಳೆಂದರೆ ಇಡೀ ಮನೆ ಅವಳ ಮಾತು ಕೇಳುತ್ತಿತ್ತು.

ಬೆಳಿಗ್ಗೆ ಗಡಿಗೆ ಇಳಿಸಿ ಮೊಸರು ಕಡೆದದ್ದಾಯಿತು. ಕಡೆಯುವ ಮುಂಚೆ ಗುರುಶಾಂತವ್ವ ಮರೆಯದೆ ಕಂಚಿನ ಬಟ್ಟಲಿಗೆ ಹೆಪ್ಪು ಎತ್ತಿಟ್ಟಳು. ಬೆಣ್ಣೆ ತೆಗೆದು ಉಳಿದ ಮಜ್ಜಿಗೆಗೆಲ್ಲ ಉಪ್ಪು, ಅರಿಸಿನ, ಜೀರಿಗೆ ಒಗ್ಗರಣೆ ಬಿದ್ದು ಘಮಘಮಿಸುವ ಮಜ್ಜಿಗೆ ಸಾರಾಯಿತು. ಶಿವಲೀಲಾ ರೊಟ್ಟಿ ಬಡಿದಳು. ಅತ್ತೆ ಹಂಚಿನ ಮೇಲೆ ಬೇಯಿಸಿದಳು.

“ಅಂಚಿಗೆ ಇನ್ನಷ್ಟು ಬಡೀಬೇಕವ್ವಾ. ನಡುವ ತೆಳ್ಳಗ, ಅಂಚಿಗೆ ದಪ್ಪ ಆದ್ರ ಅದು ರೊಟ್ಟಿ ಅಲ್ಲ, ತಟ್ಟಿ,” ಎಂದಳು ಗುರುಶಾಂತವ್ವ.

“ತಟ್ಟ್ಯಾಗ ಪಲ್ಯ ನಿಲ್ಲತೈತ್ರಿ ಅತ್ತೀ,” ಎಂದಳು ಸೊಸೆ.

ಗುರುಶಾಂತವ್ವನಿಗೆ ನಗು ತಡೆಯಲಾಗಲಿಲ್ಲ. ಈ ಹುಡುಗಿ ಬಾಯಿಗೆ ಜೋರು, ಆದರೆ ಕೆಲಸಕ್ಕೂ ಅಷ್ಟೇ ಜೋರು. ಅದಕ್ಕೇ ಅತ್ತೆಗೆ ಹಿಡಿಸಿದ್ದಳು.

ಬಿಸಿಲು ಏರುವ ಮುಂಚೆ ಶಿವಲೀಲಾ ಹಿತ್ತಲಿಗೆ ಹೋಗಿ ಪಾತ್ರೆ ತೊಳೆದ ನೀರನ್ನು ಬದನೆಗಿಡಗಳಿಗೆ ಹಾಕುತ್ತಿದ್ದಳು. ಗೋಡೆಯ ಮೇಲೆ ಕಸ್ತೂರೆವ್ವನ ಮುಖ ಕಂಡಿತು.

“ಯವ್ವಾ ಶಿವಲೀಲಾ, ಒಂಚೂರು ಈ ಕಡೆ ಬರ್ತೀ ಏನು? ಮಡಿ ಮಾಡಿ ನೀರ ಬಿಟ್ಟೇನಿ. ಮೆಂತೆ ಬೀಜ ನೀನ ಚೆಲ್ಲಿ ಹೋಗು.”

“ಬೀಜ ನಿಮ್ಮ ಕೈಯಾಗ ಅದಾವಲ್ರಿ ಚಿಗವ್ವಾ. ನೀವ ಚೆಲ್ರಿ.”

“ನನ್ನ ಕೈಲೆ ಚೆಲ್ಲಿದ್ರ ಹುಟ್ಟಂಗಿಲ್ಲವ್ವಾ. ನನ್ನ ಕೈ ಚಲೋ ಇಲ್ಲ.”

ಅವಳು ಅದನ್ನು ಅಳುತ್ತಾ ಹೇಳಲಿಲ್ಲ. ಮನೆಯಲ್ಲಿ ಎಣ್ಣೆ ತೀರಿದೆ ಎಂದು ಹೇಳುವಂತೆ ಹೇಳಿದಳು. ಶಿವಲೀಲಾಳಿಗೆ ಪಿಚ್ಚೆನಿಸಿತು. ಹೋಗಿ ಬೀಜ ಚೆಲ್ಲಿ, ಮೇಲೆ ಮಣ್ಣು ಎಳೆದು ಬಂದಳು. ಹಗ್ಗದ ಮೇಲಿನ ಬಟ್ಟೆ ತಿರುವಿ ಹಾಕುತ್ತಿದ್ದ ಗುರುಶಾಂತವ್ವ ಎಲ್ಲ ಕೇಳಿಸಿಕೊಂಡಳು. ಬಟ್ಟೆಗಳಿಗೆ ಗಮನ ಕೊಟ್ಟಳು.

ಮಧ್ಯಾಹ್ನ ಊಟ ಮುಗಿದು, ಇಬ್ಬರೂ ಅಂಗಳದಲ್ಲಿ ಕಡಲೆಬೇಳೆ ಕೇರುತ್ತಾ ಕೂತಿದ್ದಾಗ ಕಸ್ತೂರೆವ್ವ ಒಂದು ಸ್ಟೀಲಿನ ಬಟ್ಟಲು ಹಿಡಿದು ಬಂದಳು. ಬರಿ ಬಟ್ಟಲು ತರಬಾರದೆಂದು ಅದರಲ್ಲಿ ನಾಲ್ಕು ಹಸಿಮೆಣಸಿನಕಾಯಿ ಹಾಕಿಕೊಂಡಿದ್ದಳು.

“ಯಕ್ಕಾ, ಒಂಚೂರು ಹೆಪ್ಪು ಬೇಕಾಗಿತ್ರಿ. ನಾಳೆ ಮಗಳು ಬರ್ತಾಳ. ಬಸರಿ ಹುಡುಗಿ. ‘ಅವ್ವಾ, ನೀನ ಹೆಪ್ಪ ಹಾಕಿ, ನಿನ್ನ ಕೈಲೇನ ಕಲಸಿದ ಮೊಸರ ಬುತ್ತಿ ಬೇಕು’ ಅಂತ ಫೋನಿನಾಗ ಒಂದೇ ಸವನ ಹಟ. ಅಪ್ಪ ಹಾಕಿದ್ದು ನಡಿಯಂಗಿಲ್ಲಂತ. ನಮ್ಮ ಮನಿ ಹೆಪ್ಪು ಅಷ್ಟು ಗಟ್ಟಿ ಬರಂಗಿಲ್ಲ, ನಿಮ್ಮದರಾಗ ಇದೊಂದು ಸಲ ನೋಡ್ತೀನ್ರಿ. ಆಗಲಿಲ್ಲಂದ್ರ ಇನ್ನ ಸಾಯೂತನಕ ಗಡಿಗಿ ಮುಟ್ಟಂಗಿಲ್ಲ.”

“ಅದಕ್ಕೇನಾತವ್ವಾ, ತೆಗೆದಿಟ್ಟಿರ್ತೀನಿ. ದೀಪ ಹಚ್ಚೂದರಾಗ ಬಂದು ಒಯ್ಯಿ,” ಎಂದಳು ಗುರುಶಾಂತವ್ವ. ದೀಪ ಹಚ್ಚಿದ ಮೇಲೆ ಆ ಕಡೆ ಯಾರೂ ಹೆಪ್ಪು ಕೊಡುವುದಿಲ್ಲ. ಮನೆಯ ಲಕ್ಷ್ಮಿ ಅದರ ಜೊತೆ ಹೊರಟುಬಿಡುತ್ತಾಳೆ ಎಂದು ನಂಬಿಕೆ.

ಕಸ್ತೂರೆವ್ವ ಬಟ್ಟಲು ಬಿಟ್ಟು ಹೋದ ಮೇಲೆ ಗುರುಶಾಂತವ್ವ ಅಡಿಗೆಮನೆಗೆ ಬಂದಳು. ಕಂಚಿನ ಬಟ್ಟಲಿನಿಂದ ಸ್ವಲ್ಪ ಹೆಪ್ಪನ್ನು ಸ್ಟೀಲಿನ ಬಟ್ಟಲಿಗೆ ತೆಗೆದಳು. ಉಪ್ಪಿನ ಡಬ್ಬಿಗೆ ಕೈ ಹೋಯಿತು. ಬಸುರಿ ಮಗಳ ಮಾತು ನೆನಪಾಗಿ ಒಂದು ಗಳಿಗೆ ಕೈ ಅಲ್ಲೇ ನಿಂತಿತು. ಆದರೆ ರೂಢಿ ಎನ್ನುವುದು ಕೆಟ್ಟದ್ದು ಮಕ್ಕಳೇ, ಮನಸ್ಸು ಬೇಡ ಎನ್ನುವಷ್ಟರಲ್ಲಿ ಕೈ ಕೆಲಸ ಮುಗಿಸಿರುತ್ತದೆ. ಉಪ್ಪು ಬಿತ್ತು. ಎರಡೂ ಬಟ್ಟಲುಗಳನ್ನು ಗೋಡೆಯ ಗೂಡಿನಲ್ಲಿ ಅಕ್ಕಪಕ್ಕ ಇಟ್ಟು ಅವಳು ಹಿತ್ತಲಿಗೆ ಹೋದಳು.

ಹೊತ್ತು ಇಳಿಯಿತು. ಗುರುಶಾಂತವ್ವ ಬದನೆಯ ಬುಡ ಕೆದಕಿ ಗೊಬ್ಬರ ಹಾಕುತ್ತಿದ್ದಳು, ಮೊಣಕೈವರೆಗೂ ಮಣ್ಣು. ಮುಂಬಾಗಿಲಲ್ಲಿ ಕಸ್ತೂರೆವ್ವನ ದನಿ ಕೇಳಿತು.

“ಶಿವಲೀಲಾ, ಗೂಡಿನಾಗ ಸ್ಟೀಲಿನ ಬಟ್ಟಲಾ ಐತಿ ನೋಡು, ಅದನ್ನ ಕೊಟ್ಟ ಕಳಸು!” ಎಂದು ಅಲ್ಲಿಂದಲೇ ಕೂಗಿದಳು.

ಶಿವಲೀಲಾ ಬಟ್ಟಲು ಎತ್ತಿಕೊಂಡು ನೋಡಿದಳು. ಅವಳಿಗೆ ನಾಚಿಕೆಯಾಯಿತು. ಉಪ್ಪಿಗೆ ಹೆಪ್ಪು ಒಡೆದು ಮೇಲೆಲ್ಲ ನೀರು ನಿಂತಿತ್ತು. ಪಕ್ಕದ ಕಂಚಿನ ಬಟ್ಟಲಲ್ಲಿ ಬಿಳಿ ಬೆಣ್ಣೆಯಂಥ ಗಟ್ಟಿ ಹೆಪ್ಪು. ಪಾಪ, ಅತ್ತೆ ಅವಸರದಲ್ಲಿ ಮೇಲಿನ ನೀರನ್ನೇ ತೆಗೆದಿಟ್ಟಿದ್ದಾರೆ ಎಂದುಕೊಂಡಳು. ಅವಳ ತವರಿನಲ್ಲಿ ಒಂದು ಕಟ್ಟಳೆಯಿತ್ತು. ಹೊಸ್ತಿಲು ದಾಟಿ ಹೋಗುವ ವಸ್ತು ಮನೆಯಲ್ಲಿ ಇರುವುದರಲ್ಲೇ ಚೆನ್ನಾದದ್ದಾಗಿರಬೇಕು. ಮನೆಯವರು ಹೇಗಾದರೂ ಸುಧಾರಿಸಿಕೊಳ್ಳುತ್ತಾರೆ. ಶಿವಲೀಲಾ ಎರಡು ಸಲ ಯೋಚಿಸಲಿಲ್ಲ. ನೀರು ಬಸಿದು, ಎರಡು ಬಟ್ಟಲುಗಳ ಹೆಪ್ಪನ್ನು ಅದಲು ಬದಲು ಮಾಡಿದಳು. ಗಟ್ಟಿ ಹೆಪ್ಪೆಲ್ಲ ಕಸ್ತೂರೆವ್ವನ ಬಟ್ಟಲಿಗೆ ಹೋಯಿತು. ಒಡೆದ ಹೆಪ್ಪು ಕಂಚಿನ ಬಟ್ಟಲಿಗೆ ಬಂತು.

ದೀಪ ಹಚ್ಚಿಯಾದ ಮೇಲೆ ಗುರುಶಾಂತವ್ವ ಕೈಕಾಲು ತೊಳೆದು ಬಂದು, ಹಾಲಿನ ಬಿಸಿಯನ್ನು ಬೆರಳಿನಿಂದ ನೋಡಿ, ಮಬ್ಬು ಬೆಳಕಿನಲ್ಲಿ ಕಂಚಿನ ಬಟ್ಟಲನ್ನು ಗಡಿಗೆಗೆ ಪೂರ್ತಿ ಬಗ್ಗಿಸಿದಳು. ನೋಡುವ ಅಗತ್ಯವೇ ಅವಳಿಗಿರಲಿಲ್ಲ. ಅಷ್ಟು ವರ್ಷ ಮಾಡಿದ ಕೆಲಸ. ಗಡಿಗೆಯನ್ನು ತೂಗುವ ನೆಲುವಿಗೆ ಏರಿಸಿ, ನಿಶ್ಚಿಂತೆಯಿಂದ ಮಲಗಿದಳು.

ಬೆಳಿಗ್ಗೆ ಗಡಿಗೆ ಇಳಿಸಿ ಮುಚ್ಚಳ ತೆಗೆದವಳು ಹಾಗೇ ನಿಂತಳು. ನೀರು ಬೇರೆ, ಗಸಿ ಬೇರೆ. ಈ ನೋಟವನ್ನು ಅವಳು ಬೇರೆಯವರ ಬಾಯಲ್ಲಿ ಮಾತ್ರ ಕೇಳಿದ್ದಳು. ಕಂಚಿನ ಬಟ್ಟಲಿನ ತಳಕ್ಕೆ ಬೆರಳು ಸವರಿ ನಾಲಿಗೆಗೆ ಇಟ್ಟಳು. ಉಪ್ಪು! ಮನೆಯಲ್ಲಿ ಬೇರೆ ಮೊಸರಿಲ್ಲ. ಮಜ್ಜಿಗೆಯೆಲ್ಲ ನಿನ್ನೆಯೇ ಸಾರಾಗಿ ಹೋಗಿತ್ತು. ಅವ್ವನ ಹೆಪ್ಪು ಮುಗಿಯಿತು.

“ಶಿವಲೀಲಾ! ನಿನ್ನಿ ಗೂಡಿನಾಗಿನ ಬಟ್ಟಲಾ ಏನ ಮಾಡಿದಿ?”

“ಸ್ಟೀಲಿನ ಬಟ್ಟಲಾನ ಕೊಟ್ಟೇನ್ರಿ ಅತ್ತೀ. ಆದ್ರ ಅದರಾಗ ಬರೇ ನೀರ ಇತ್ತು. ನಮ್ಮ ಮನಿಂದ ಅಂಥಾದ್ದು ಹೋಗಬಾರದು, ನಾಕ ಮಂದಿ ನಿಮಗ ಏನರ ಅಂದಾರು ಅಂತ ಚಲೋ ಹೆಪ್ಪು ಅವರಿಗೆ ಹಾಕಿ, ಅದನ್ನ ನಮಗ ಇಟಗೊಂಡೆ. ತಪ್ಪಾತೇನ್ರಿ?”

ಗುರುಶಾಂತವ್ವ ಬೈಯಲು ಬಾಯಿ ತೆರೆದಳು. ಏನೆಂದು ಬೈಯುವುದು? ಕೆಟ್ಟದ್ದನ್ನು ಕೊಡದೆ ಒಳ್ಳೆಯದನ್ನು ಯಾಕೆ ಕೊಟ್ಟೆ ಎಂದೇ? ನನ್ನ ಮರ್ಯಾದೆ ಯಾಕೆ ಕಾದೆ ಎಂದೇ? ಅಷ್ಟರಲ್ಲಿ ಒಂದು ಮಾತು ಹೊಳೆದು ಎದೆ ಹಗುರಾಯಿತು. ಅವ್ವನ ಹೆಪ್ಪು ಸತ್ತಿಲ್ಲ. ಗೋಡೆಯಾಚೆ ಇದೆ. ಕಂಚಿನ ಬಟ್ಟಲು ತೊಳೆದು, ಅದರಲ್ಲಿ ಒಂದು ಅಚ್ಚು ಬೆಲ್ಲ ಇಟ್ಟುಕೊಂಡು ಹೊರಟಳು.

ಅವಳು ಪಕ್ಕದ ಮನೆಯ ಬಾಗಿಲು ಮುಟ್ಟುವ ಮುಂಚೆಯೇ ಕಸ್ತೂರೆವ್ವ ಒಳಗಿನಿಂದ ಓಡಿ ಬಂದಳು. ಕೈಯಲ್ಲಿ ಗಡಿಗೆ.

“ಯಕ್ಕಾ, ನಿಮ್ಮ ಕಡೇನ ಬರಾಕ ಹತ್ತಿದ್ದೆ! ನೋಡ್ರಿ, ನೋಡ್ರಿಲ್ಲೆ!” ಎನ್ನುತ್ತಾ ಗಡಿಗೆಯನ್ನು ಬೋರಲು ಹಿಡಿದಳು. ಮೊಸರು ಬೀಳಲಿಲ್ಲ. ಊರೆಲ್ಲ ಹೇಳುತ್ತಿದ್ದ ಮಾತನ್ನು ಗುರುಶಾಂತವ್ವ ಅಂದು ಮೊದಲ ಬಾರಿ ಕಣ್ಣಾರೆ ಕಂಡಳು. “ನಾನ ಹಾಕಿದ್ದು ಯಕ್ಕಾ, ನಾನ! ನಮ್ಮನಿಯವರು ಎರಡ ಸಲ ಹಾಕಿಸಿಕೊಂಡು ಉಂಡ್ರು. ಮಗಳು ಮಧ್ಯಾಹ್ನದ ಬಸ್ಸಿಗೆ ಬರ್ತಾಳ. ನಿನ್ನಿ ನಿಮ್ಮ ಸೊಸಿ ನಮ್ಮ ಹಿತ್ತಲದಾಗ ಬೀಜ ಚೆಲ್ಲಿದ್ಲಲ್ರಿ, ಆಕೀ ಕೈಗುಣ ನನಗೂ ಒಂಚೂರು ಹತ್ತಿರಬೇಕು!”

ಅವಳ ಕಣ್ಣಲ್ಲಿ ನೀರಿತ್ತು. ಗುರುಶಾಂತವ್ವ ಆ ಮುಖವನ್ನು ನೇರವಾಗಿ ನೋಡಲಾರದೆ ಬಟ್ಟಲು ಮುಂದೆ ಚಾಚಿದಳು.

“ಕಸ್ತೂರಿ, ನಮ್ಮ ಗಡಿಗಿ ಕೆಟ್ಟೈತಿ. ಒಂಚೂರು ಹೆಪ್ಪು ಕೊಡು.”

“ನಾನು? ನಿಮಗ?” ಕಸ್ತೂರೆವ್ವ ನಕ್ಕೇಬಿಟ್ಟಳು. ಬೆಲ್ಲ ತೆಗೆದುಕೊಂಡು, ಒಂದು ಚಮಚವಲ್ಲ, ಬಟ್ಟಲಿನ ತುಂಬ ಹೆಪ್ಪು ಹಾಕಿ ಕೊಟ್ಟಳು.

ಆಗ ಗುರುಶಾಂತವ್ವನ ಬೆರಳು ತನ್ನಷ್ಟಕ್ಕೆ ತಾನೇ ಬಟ್ಟಲಿಗೆ ಇಳಿಯಿತು. ಒಂದು ತೊಟ್ಟು ತೆಗೆದು ನಾಲಿಗೆಗೆ ಮುಟ್ಟಿಸಿತು. ಉಪ್ಪಿರಲಿಲ್ಲ.

“ಯಾಕ್ರಿ ಯಕ್ಕಾ, ಹುಳಿ ಆಗೇತೇನು?” ಎಂದಳು ಕಸ್ತೂರೆವ್ವ, ಸ್ವಲ್ಪ ಅಳುಕುತ್ತಾ. ಅಷ್ಟರಲ್ಲೇ ಅವಳ ನಗು ಮಾಸಿತ್ತು. ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು.

ಹೂಂ, ಹುಳಿ ನೋಡಿದೆ ಎಂದರೆ ಮುಗಿಯುತ್ತಿತ್ತು. ಹೆಪ್ಪೂ ಸಿಕ್ಕಿತ್ತು, ಮಾನವೂ ಉಳಿಯುತ್ತಿತ್ತು. ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಆದರೆ ಸೆರಗಿನಡಿ ಅಡಗಿದ ಆ ಕೈಗಳನ್ನು ಗುರುಶಾಂತವ್ವ ಕಂಡಳು. ಅವಳು ಕಾಲು ಊರಿ ನಿಂತು, ತಲೆ ಎತ್ತಿ ಹೇಳಿದಳು:

“ಹುಳಿ ಅಲ್ಲ. ಉಪ್ಪು ಐತೇನಂತ ನೋಡಿದೆ.”

“ಹೆಪ್ಪಿಗೆ ಯಾರರ ಉಪ್ಪ ಹಾಕ್ತಾರೇನ್ರಿ?”

“ನಾ ಹಾಕ್ತಿದ್ದೆ. ನಿನಗ ಕೊಟ್ಟಾಗೆಲ್ಲ ಹಾಕಿ ಕೊಟ್ಟೀನಿ. ನಿನ್ನೀದಕ್ಕೂ ಹಾಕಿದ್ದೆ. ನಮ್ಮ ಸೊಸಿ ಗೊತ್ತಿಲ್ಲದ ಬದಲ ಮಾಡಿ ಚಲೋದು ಕೊಟ್ಲು. ನಿನಗ ಯಾರ ಕೈಗುಣಾನೂ ಹತ್ತಿಲ್ಲವ್ವಾ. ನಿನ್ನ ಕೈ ಮೊದಲಿಂದಲೂ ಚಲೋನ ಐತಿ. ನಮ್ಮವ್ವನ ಹೆಪ್ಪು ನನಗೊಬ್ಬಾಕಿಗೇ ಇರಲಿ ಅಂತ ಹಂಗ ಮಾಡಿದೆ. ತಪ್ಪು ನಂದು.”

ಕಸ್ತೂರೆವ್ವ ಹೊಸ್ತಿಲ ಮೇಲೆ ಕೂತುಬಿಟ್ಟಳು. ತನ್ನ ಎರಡೂ ಕೈಗಳನ್ನು ತಿರುವಿ ತಿರುವಿ ನೋಡಿಕೊಂಡಳು.

“ನಮ್ಮ ಅತ್ತಿ ಸಾಯೂತನಕ ನನ್ನ ಉಪ್ಪಿನಕಾಯಿ ಭರಣಿ ಮುಟ್ಟಗೊಡಲಿಲ್ರಿ,” ಎಂದಳು. “ನನ್ನ ಮಗಳ ಮದುವಿ ಅಕ್ಕಿ ಆರಿಸಿ ಹಸನ ಮಾಡೂವಾಗೂ ನಾ ಹಿಂದ ನಿಂತಿದ್ದೆ. ನನ್ನ ಕೈ ಬ್ಯಾಡಂತ ನಾನ ಹಿಂದ ನಿಂತಿದ್ದೆ.”

ಅವಳು ಎದ್ದು ಕೈ ಚಾಚಿದಳು.

“ಆ ಬಟ್ಟಲಾ ಇಲ್ಲಿ ಕೊಡ್ರಿ,” ಎಂದಳು ಕಸ್ತೂರೆವ್ವ.

ವಾಪಸು ಕಿತ್ತುಕೊಳ್ಳುತ್ತಾಳೆ, ನ್ಯಾಯವೇ ಆಯಿತು ಎಂದು ಗುರುಶಾಂತವ್ವ ಬಟ್ಟಲು ಕೊಟ್ಟುಬಿಟ್ಟಳು. ಕಸ್ತೂರೆವ್ವ ಒಳಗೆ ಹೋದಳು. ಹೊರಗೆ ಬಂದಾಗ ಬಟ್ಟಲಿನ ಮೇಲೊಂದು ತಟ್ಟೆ ಮುಚ್ಚಿತ್ತು.

“ತೆರದ ಒಯ್ದ್ರ ಧೂಳ ಬೀಳತೈತಿ. ತಗೋರಿ. ಇದು ನಿಮ್ಮವ್ವನ ಹೆಪ್ಪು. ಆಕೀದೇನೂ ತಪ್ಪಿಲ್ಲ,” ಎಂದಳು. “ಆದ್ರ ನಿಮ್ಮ ಜೋಡಿ ನಾ ಸ್ವಲ್ಪ ದಿನ ಮಾತಾಡಂಗಿಲ್ಲ. ನನಗ ಸಿಟ್ಟ ಐತಿ.”

“ಇರಲಿ. ಸಿಟ್ಟ ಇರಬೇಕು,” ಎಂದಳು ಗುರುಶಾಂತವ್ವ.

ಮನೆಗೆ ಬಂದು ಸೊಸೆಯ ಮುಂದೆ ಎಲ್ಲವನ್ನೂ ಬಿಚ್ಚಿ ಹೇಳಿದಳು. ಶಿವಲೀಲಾ ಕೇಳಿಸಿಕೊಂಡು ಎದ್ದಳು. ಉಪ್ಪಿನ ಡಬ್ಬಿಯನ್ನು ಎತ್ತಿ ಗೂಡಿನಿಂದ ದೂರದ ಮೂಲೆಯಲ್ಲಿಟ್ಟಳು. ಅತ್ತೆ ನೋಡಿದಳು, ಹೂಂ ಎಂದಳು.

ಆಮೇಲೆ ಗುರುಶಾಂತವ್ವ ಸುಮ್ಮನೆ ಕೂರುವ ಹೆಂಗಸಲ್ಲ. ಮರುದಿನ ಗಡಿಗೆಯಲ್ಲಿ ಮೊಸರು ಗಟ್ಟಿಯಾಗಿ ನಿಂತಿತು. ಹಿಂದೆ ಯಾರು ಯಾರು ಕೇಳಿ ಉಪ್ಪಿನ ಹೆಪ್ಪು ಒಯ್ದಿದ್ದರೋ ಅವರ ಮನೆಮನೆಗೂ ತಾನೇ ಹೋಗಿ, ಇದ್ದದ್ದನ್ನು ಇದ್ದಂತೆ ಹೇಳಿ, ಹೆಪ್ಪು ಕೊಟ್ಟು ಬಂದಳು. ಕೆಲವರು ನಕ್ಕರು. ಕೆಲವರು ಮುಖದ ಮೇಲೆಯೇ ಆಡಿದರು. ಒಬ್ಬಳಂತೂ ಅವಳ ಎದುರಿಗೇ ಬೆರಳು ಅದ್ದಿ ನೆಕ್ಕಿ ನೋಡಿ ತೆಗೆದುಕೊಂಡಳು. ಗುರುಶಾಂತವ್ವ ಎಲ್ಲವನ್ನೂ ನಿಂತು ಕೇಳಿಸಿಕೊಂಡು ಬಂದಳು.

ಗೋಡೆಯಾಚೆ ಮಗಳು ಬಂದಳು, ತಾಯಿಯ ಕೈಯ ಮೊಸರ ಬುತ್ತಿ ಉಂಡಳು. ಕಸ್ತೂರೆವ್ವ ಮೆಂತೆಯ ಪಕ್ಕದಲ್ಲಿ ಇನ್ನೊಂದು ಮಡಿ ಮಾಡಿ, ಕೊತ್ತಂಬರಿ ಬೀಜವನ್ನು ಯಾರನ್ನೂ ಕರೆಯದೆ ತಾನೇ ಚೆಲ್ಲಿದಳು. ದಿನಾ ಬೆಳಿಗ್ಗೆ ಎದ್ದು ಬಗ್ಗಿ ನೋಡುತ್ತಿದ್ದಳು. ಈಚೆ ಗುರುಶಾಂತವ್ವನೂ ಬದನೆಗೆ ನೀರು ಹಾಕುವ ನೆಪದಲ್ಲಿ ಇಣುಕುತ್ತಿದ್ದಳು. ಇಬ್ಬರಿಗೂ ಮಾತಿಲ್ಲ.

ಒಂದು ಬೆಳಿಗ್ಗೆ ಗೋಡೆಯ ಮೇಲಿಂದ ಕೂಗು ಬಂತು.

“ಯಕ್ಕಾ! ಹುಟ್ಟ್ಯಾವ ನೋಡ್ರಿ! ಒಂದೂ ಹುಸಿ ಹೋಗಿಲ್ಲ!”

ಗುರುಶಾಂತವ್ವ ಕೈಲಿದ್ದ ಚೊಂಬು ಅಲ್ಲೇ ಬಿಟ್ಟು ಗೋಡೆಗೆ ಓಡಿದಳು. ಇಬ್ಬರೂ ಗೋಡೆಯ ಎರಡು ಬದಿಯಲ್ಲಿ ನಿಂತು, ಮಣ್ಣು ಸೀಳಿ ಎದ್ದ ಆ ಹಸಿರನ್ನು ನೋಡಿದರು.

ಈಗ ಆ ಓಣಿಯಲ್ಲಿ ಯಾರ ಮನೆಗೆ ಹೋದರೂ ಅದೇ ಮೊಸರು. ಗುರುಶಾಂತವ್ವನ ಮೊಸರು ಎಂದು ಯಾರೂ ಬೇರೆ ಮಾಡಿ ಹೇಳುವುದಿಲ್ಲ. ನಿನಗೆ ಬೇಸರವಿಲ್ಲವೇ ಎಂದು ಯಾರಾದರೂ ಕೇಳಿದರೆ ಅವಳು ಗಟ್ಟಿಯಾಗಿ ಹೇಳುತ್ತಾಳೆ: “ಮೊದಲ ನಮ್ಮವ್ವ ಒಂದ ಗಡಿಗ್ಯಾಗ ಇದ್ಲು. ಬೆಕ್ಕ ಉರುಳಿಸಿದ್ರ ಮುಗೀತಿತ್ತು. ಈಗ ಓಣಿ ತುಂಬ ಅದಾಳ.”

ನೀತಿ: ಇಲ್ಲ ಎಂದರೆ ಕೇಳಿದವರಿಗೆ ಆ ಒಂದು ವಸ್ತು ಸಿಗುವುದಿಲ್ಲ, ಅಷ್ಟೇ. ಕೆಡಿಸಿ ಕೊಟ್ಟರೆ ಅವರಿಗೆ ತಮ್ಮ ಕೈಯ ಮೇಲಿನ ನಂಬಿಕೆಯೇ ಹೋಗುತ್ತದೆ. ಕೊಡುವುದಾದರೆ ನೀವು ಬಳಸುವುದನ್ನೇ ಕೊಡಿ. ಕೆಡಿಸಿ ಕೊಟ್ಟಿದ್ದರೆ, ಹೋಗಿ ನೀವೇ ಹೇಳಿ ಬನ್ನಿ.